ಗೌಟ್ ನನಗೆ, ಹೆದರಿಕೆ ಅಣ್ಣನಿಗೆ

ನನ್ನ ಕಾಲಿಗೆ ಬಂದದ್ದು ಗೌಟ್ ಎಂದು ಗೊತ್ತಾದ ವಾರವೇ ಅಣ್ಣ ಮೂಡುಬಿದಿರೆ ಹತ್ತಿರದ ಪುತ್ತಿಗೆಯಿಂದ ಎರಡು ಬಸ್ಸು ಬದಲಿಸಿ ನರಿಕೊಂಬಿನ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಪ್ಯಾಕೆಟ್ ಬ್ರೆಡ್, ಒಂದು ಕಿಲೋ ಸೇಬು. ನಮ್ಮ ಕಡೆ ಗಟ್ಟಿಮುಟ್ಟಾಗಿರುವವರ ಮನೆಗೆ ಯಾರೂ ಬ್ರೆಡ್ ಹಿಡಿದುಕೊಂಡು ಹೋಗುವುದಿಲ್ಲ. ಅದು ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದವರಿಗೆ, ಇಲ್ಲವೇ ಇನ್ನು ಹೆಚ್ಚು ದಿನ ಇಲ್ಲ ಎಂದು ನೆರೆಕರೆಯವರು ತೀರ್ಮಾನ ಮಾಡಿದವರಿಗೆ. ನಾನು ಬ್ರೆಡ್ಡನ್ನು ನೋಡಿದೆ, ಅವನ ಮುಖ ನೋಡಿದೆ.

"ಯಾರು ಸಾಯ್ಲಿಕ್ಕೆ ಹೊರಟದ್ದು?" ಎಂದು ಕೇಳಿದೆ.

"ಹಾಗೆಲ್ಲ ಹೇಳ್ಬೇಡ ಮಾರಾಯ್ತಿ," ಎಂದ ಅಣ್ಣ. "ಗೌಟ್ ಇದ್ದವರಿಗೆ ಕ್ಯಾನ್ಸರ್ ಬರ್ತದೆ ಅಂತ ಉಂಟು. ಮೊಬೈಲಿಗೆ ಬಂದಿದೆ. ನೀನು ಒಮ್ಮೆ ಇಡೀ ಮೈ ಸ್ಕ್ಯಾನ್ ಮಾಡಿಸು."

ನಾವು ಮನೆಯಲ್ಲಿ ಮಾತಾಡುವುದು ತುಳು. ಆದರೆ ಅಣ್ಣನಿಗೆ ಕಾಯಿಲೆಯ ವಿಷಯ ಬಂದರೆ ಕನ್ನಡವೇ ಬರುತ್ತದೆ, ಅದೂ ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ನಿಧಾನಕ್ಕೆ. ಮೂವತ್ತು ವರ್ಷ ಮೂಡುಬಿದಿರೆಯಿಂದ ಬೆಳ್ತಂಗಡಿ, ಉಜಿರೆಯ ಕಡೆಗೆ ಖಾಸಗಿ ಬಸ್ಸು ಓಡಿಸಿದವನು. ಎಂಥ ತಿರುವಿನಲ್ಲೂ ಹಾರ್ನ್ ಬಿಟ್ಟರೆ ಬೇರೆ ದೇವರನ್ನು ನಂಬಿದವನಲ್ಲ. ನಿವೃತ್ತನಾದ ಮೇಲೆ ಮೊಬೈಲು ಅವನ ಕೈಗೆ ಸಿಕ್ಕಿತು, ಅವನು ಮೊಬೈಲಿನ ಕೈಗೆ ಸಿಕ್ಕಿದ. ಆ ಬ್ರೆಡ್ಡನ್ನು ಅವನ ಎದುರಿಗೇ ಚಹಾದಲ್ಲಿ ಅದ್ದಿ ನಾನು, ನನ್ನ ಗಂಡ ಇಬ್ಬರೂ ತಿಂದೆವು.

ನನ್ನ ಬಗ್ಗೆಯೂ ಹೇಳಬೇಕು. ಬಿ.ಸಿ. ರೋಡಿನ ಒಂದು ಒಳರಸ್ತೆಯಲ್ಲಿ ನನ್ನದೊಂದು ಮೀನೂಟದ ಹೋಟೆಲು ಇದೆ. ಗಂಡ ಕುವೈತಿನಲ್ಲಿದ್ದಾಗ ನಾನೊಬ್ಬಳೇ ಶುರು ಮಾಡಿದ್ದು. ಅವರು ಈಗ ಕ್ಯಾಶಿನಲ್ಲಿ ಕೂತು ಪೇಪರ್ ಓದುತ್ತಾರೆ, ಅದಕ್ಕೆ ಯಜಮಾನಿಕೆ ಎಂದು ಹೆಸರು. ಅಡುಗೆ ನನ್ನದು. ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟು ನೆಕ್ಕಿ ನೋಡದೆ ಯಾವ ಸಾರೂ ಒಲೆಯಿಂದ ಇಳಿಯುವುದಿಲ್ಲ. ಬೂತಾಯಿ, ಬಂಗುಡೆ ಮೀನು, ಮಳೆಗಾಲದ ಹಿಂದುಮುಂದೆ ಮರುವಾಯಿ ಚಿಪ್ಪು, ಹೀಗೆ ಅರುವತ್ತು ವರ್ಷ ತಿಂದು ಬೆಳೆದ ಮೈ ಇದು.

ಆ ಮೈಯ ಬಲಗಾಲಿನ ಹೆಬ್ಬೆರಳ ಬುಡ ಒಂದು ಬೆಳಿಗ್ಗೆ ಕೆಂಪಗೆ ಊದಿಕೊಂಡಿತು. ನೋವು ಎಂದರೆ ಹೆರಿಗೆ ನೋವನ್ನು ನಾನು ಕಂಡವಳು, ಅದಕ್ಕಾದರೂ ಕೊನೆಯಲ್ಲಿ ಒಂದು ಮಗು ಸಿಗುತ್ತದೆ. ಇಲ್ಲಿ ಫ್ಯಾನಿನ ಗಾಳಿಗೆ ಸೀರೆಯ ಅಂಚು ಬೆರಳಿಗೆ ತಾಗಿದರೂ ಬಾಯಿಂದ ಕೆಟ್ಟ ಮಾತು ಬರುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಯೂರಿಕ್ ಆಸಿಡ್ ಜಾಸ್ತಿ ಎಂದರು. ಅದು ಹರಳಾಗಿ ಗಂಟಿನಲ್ಲಿ ಕೂತಿದೆಯಂತೆ. ದಿನಕ್ಕೊಂದು ಮಾತ್ರೆ, ಸರಿಯಾಗಿ ನೀರು ಕುಡಿಯಬೇಕು, ಬೂತಾಯಿ ಮತ್ತು ಮರುವಾಯಿ ಕಡಿಮೆ ಮಾಡಬೇಕು. ಮೀನೂಟದ ಹೋಟೆಲಿನವಳಿಗೆ!

ಊರಿನವರ ಬಾಯಿಗೆ ಬೀಗ ಇಲ್ಲ. "ಗೌಟಾ? ಅದು ಕುಡಿಯುವ ಗಂಡಸರಿಗೆ ಬರುವುದಲ್ವಾ?" ಎಂದು ಒಬ್ಬಳು ನನ್ನ ಬಾಯಿಯ ವಾಸನೆ ಹಿಡಿಯುವಷ್ಟು ಹತ್ತಿರ ಬಂದು ಕೇಳಿದಳು. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. "ಹೌದು, ದಿನಾ ಒಂದು ಬಾಟ್ಲಿ ಬೇಕು ನನಗೆ," ಎಂದೆ. ಅವಳು ಅದನ್ನು ಪಾಣೆಮಂಗಳೂರಿನ ತನಕ ಹಬ್ಬಿಸಿದಳು.

ಇವರೆಲ್ಲರನ್ನು ಸಹಿಸಬಹುದಿತ್ತು. ಅಣ್ಣನನ್ನು ಮಾತ್ರ ಸಹಿಸಲಿಕ್ಕಾಗಲಿಲ್ಲ. ಬೆಳಿಗ್ಗೆ ನಾನು ಮೀನು ಆರಿಸುತ್ತಿರುವಾಗ ಮೆಸೇಜು, ಮಧ್ಯಾಹ್ನ ಊಟದ ಗಡಿಬಿಡಿಯಲ್ಲಿ ಮೆಸೇಜು. ಗೌಟ್ ಮತ್ತು ಮೂತ್ರಕೋಶದ ಕ್ಯಾನ್ಸರ್. ಗೌಟ್ ಮತ್ತು ಹೊಟ್ಟೆಯ ಕ್ಯಾನ್ಸರ್. ಕೆಂಪು ಅಕ್ಷರ, ನಡುವೆ ಒಂದು ಬುರುಡೆಯ ಚಿತ್ರ. ಸಂಜೆಗೆ ಫೋನು. ಮೂತ್ರದಲ್ಲಿ ರಕ್ತ ಹೋಗ್ತದಾ? ತೂಕ ಇಳಿದಿದೆಯಾ? ನುಂಗಲಿಕ್ಕೆ ಕಷ್ಟ ಉಂಟಾ? ಬಾಯಿಯಲ್ಲಿ ಹುಣ್ಣು ಗಿಣ್ಣು?

"ಬಾಯಿಯಲ್ಲಿ ನಾಲಿಗೆ ಉಂಟು, ಅದು ಸರಿಯಾಗಿಯೇ ಉಂಟು. ಬೇಕಾದರೆ ಬೈದು ತೋರಿಸ್ತೇನೆ," ಎಂದು ಫೋನು ಇಡುತ್ತಿದ್ದೆ.

ನನಗೆ ಹಟ ಬಂತು. ನನ್ನ ಕಾಲಿನ ನೋವನ್ನು ನಾನು ಹೇಗೂ ಸಂಭಾಳಿಸುತ್ತಿದ್ದೆ. ಇವರೆಲ್ಲ ಸೇರಿ ಅದಕ್ಕೆ ಒಂದು ಸಾವನ್ನು ಕಟ್ಟಿ ಕೊಡುವುದು ಬೇಡವಾಗಿತ್ತು. ಇನ್ನೊಮ್ಮೆ ಅಣ್ಣ ಬಂದಾಗ ಅವನ ಕಣ್ಣೆದುರು ಬೂತಾಯಿ ಹುರಿದದ್ದು ನಾಲ್ಕು ತಿಂದೆ, ಮುಳ್ಳನ್ನೂ ಬಿಡಲಿಲ್ಲ. ಮಾತ್ರೆಯನ್ನೂ ನಿಲ್ಲಿಸಿದೆ. ಮೂರನೆಯ ದಿನ ಕಾಲು ಮತ್ತೆ ಊದಿತು. ಗಂಡನ ದೊಡ್ಡ ಚಪ್ಪಲಿ ಹಾಕಿಕೊಂಡು ಗೋಡೆ ಹಿಡಿದು ಅಡುಗೆಮನೆಗೆ ಹೋದೆ, ಸಾರು ಮಾಡಿದೆ. ಅಣ್ಣನಿಗೆ ಮಾತ್ರ ಹೇಳಲಿಲ್ಲ. ಸ್ಕ್ಯಾನಿಗೂ ಹೋಗಲಿಲ್ಲ. ದೀಪಾವಳಿ ಕಳೆದು ಶುರುವಾದ ಈ ಜಗಳ ಏಪ್ರಿಲಿನ ವಿಷು ಹಬ್ಬ ಹತ್ತಿರ ಬಂದರೂ ಮುಗಿಯಲಿಲ್ಲ. ಅವನು "ಹೋಗುವ" ಎನ್ನುವುದು, ನಾನು "ಇಲ್ಲ" ಎನ್ನುವುದು.

ವಿಷುವಿಗೆ ಒಂದು ವಾರ ಇರುವಾಗ ಅಣ್ಣ ಬಿ.ಸಿ. ರೋಡಿಗೆ ಏನೋ ಕೆಲಸಕ್ಕೆ ಬಂದವನು ಹೋಟೆಲಿನಲ್ಲೇ ಊಟಕ್ಕೆ ಕೂತ. ನನ್ನ ಹೋಟೆಲಿನಲ್ಲಿ ಒಂದು ಕ್ರಮ ಇದೆ. ಉಂಡು ಎದ್ದವರ ಬಟ್ಟಲನ್ನು ನಾನು ನೋಡದೆ ಯಾರೂ ತೆಗೆಯುವ ಹಾಗಿಲ್ಲ. ಊಟ ಹೇಗಿತ್ತು ಎಂದು ಕೇಳಿದರೆ ನಮ್ಮವರು ದಾಕ್ಷಿಣ್ಯಕ್ಕೆ ಒಳ್ಳೆಯದಿತ್ತು ಎಂದೇ ಹೇಳುವುದು. ಬಟ್ಟಲಿಗೆ ದಾಕ್ಷಿಣ್ಯ ಇಲ್ಲ. ಉಪ್ಪು ಹೆಚ್ಚಾದರೆ ಅನ್ನ ಉಳಿಯುವುದಿಲ್ಲ, ಸಾರು ಉಳಿಯುತ್ತದೆ. ಮೀನು ಹಳತಾದರೆ ಮುಳ್ಳಿನ ಮೇಲಿನ ಮಾಂಸವನ್ನು ತಿನ್ನದೆ ಬಿಟ್ಟಿರುತ್ತಾರೆ. ಮನೆಯಲ್ಲಿ ಜಗಳ ಮಾಡಿ ಬಂದವರ ಬಟ್ಟಲೂ ನನಗೆ ಗೊತ್ತಾಗುತ್ತದೆ.

ಅಣ್ಣನ ಬಟ್ಟಲಿನಲ್ಲಿ ಹುಳಿಖಾರದ ಬಂಗುಡೆ ಪುಳಿಮುಂಚಿ ಹಾಕಿದ ಹಾಗೆಯೇ ಇತ್ತು. ನನ್ನ ಪುಳಿಮುಂಚಿಗೆಂದೇ ಹಿಂದೆ ಬಸ್ಸಿನ ಟೈಮ್ ತಪ್ಪಿಸಿ ಮಾಲಕರಿಂದ ಬೈಸಿಕೊಂಡವನು ಇವನು. ಹುರಿದ ಮೀನು ಬದಿಗೆ ಸರಿದಿತ್ತು. ಉಪ್ಪಿನಕಾಯಿ ಮುಟ್ಟಿರಲಿಲ್ಲ. ಕುಚ್ಚಲಕ್ಕಿಯ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಗಂಜಿಯ ಹಾಗೆ ಮಾಡಿ ಅದರಲ್ಲಿ ಅರ್ಧ ಉಂಡಿದ್ದ. ತುತ್ತುಗಳೂ ಸಣ್ಣವು, ಮಗು ಉಂಡ ಹಾಗೆ.

"ಎಂತ ಅಣ್ಣ, ಸಾರು ಸರಿ ಆಗಲಿಲ್ವಾ?"

"ಸಾರು ಫಸ್ಟ್ ಕ್ಲಾಸ್ ಉಂಟು. ನನಗೆ ಎಲೆಯಡಿಕೆಗೆ ಸುಣ್ಣ ಸ್ವಲ್ಪ ಜಾಸ್ತಿ ಆಯ್ತು. ಬಾಯಿ ಸುಟ್ಟಿದೆ."

ಹೇಳಿ ಕೈ ಚಾಚಿದ. ಊಟವಾದ ಮೇಲೆ ಅವನಿಗೆ ಎಲೆಯಡಿಕೆ ಮಡಿಸಿ ಕೊಡುವುದು ನಾನು. ಬಸ್ಸು ಓಡಿಸುವಾಗ ನಿದ್ದೆ ಬಾರದಿರಲಿ ಎಂದು ಶುರುವಾದ ಅಭ್ಯಾಸ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಒಂದು ತುಂಡು, ಬಾಯಿಗೆ ಹಾಕಿ ಕೆನ್ನೆಯಲ್ಲಿ ಒತ್ತಿಟ್ಟರೆ ಬೆಳ್ತಂಗಡಿಯಿಂದ ಮೂಡುಬಿದಿರೆಯ ತನಕ ಸಾಕಾಗುತ್ತಿತ್ತು. ಅಂದೂ ನನ್ನ ಕೈ ತಾನಾಗಿ ಮಡಿಸಿತು, ಕೊಟ್ಟಿತು. ಅವನು ಅದನ್ನು ಬಾಯಿಗೆ ಹಾಕಲು ನೋಡಿದ. ಬಾಯಿ ತೆರೆಯಲಿಲ್ಲ. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಎಲೆಯನ್ನು ಬಿಚ್ಚಿ, ಹರಿದು, ತುಂಡು ತುಂಡಾಗಿ ಒಳಗೆ ತಳ್ಳಿಕೊಂಡ. ಆ ಮೇಲೆ ನನ್ನ ಕಾಲಿನ ಬಗ್ಗೆ ಕೇಳಿದ.

ನಮ್ಮಲ್ಲಿ ಎಲೆಯಡಿಕೆ ಹಾಕುವವರ ಬಾಯಿಗೆ ಏನಾದರೂ ಅದು ಸುಣ್ಣದ ತಪ್ಪು. ಕೆಂಪಾದರೂ ಸುಣ್ಣ, ಬೆಳ್ಳಗಾದರೂ ಸುಣ್ಣ, ಉರಿದರೂ ಸುಣ್ಣ. ಸ್ವಲ್ಪ ತುಪ್ಪ ಹಚ್ಚು, ನಾಳೆ ಸುಣ್ಣ ಕಮ್ಮಿ ಮಾಡು ಎಂದು ಹೇಳಿ ಮುಗಿಸುತ್ತಾರೆ. ನನ್ನ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು, ನಾನೂ ಹೇಳಿದ್ದೇನೆ. ಮಕರ ಸಂಕ್ರಾಂತಿಯ ಹೊತ್ತಿಗೆ ಒಂದು ಮದುವೆಯಲ್ಲಿ ಅಣ್ಣ ಇದೇ ಮಾತು ಹೇಳಿದ್ದು ಆಗ ನೆನಪಾಯಿತು. ಸುಣ್ಣ ಸುಟ್ಟದ್ದು ನಾಲ್ಕು ದಿನದಲ್ಲಿ ಮಾಯಬೇಕು. ಮೂರು ತಿಂಗಳು ಉರಿಯುವ ಸುಣ್ಣ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಅವನು ಹೋದ ಮೇಲೆ ಅತ್ತಿಗೆಗೆ ಫೋನು ಮಾಡಿದೆ.

"ನಮ್ಮಲ್ಲಿ ದೀಪಾವಳಿಯಿಂದ ಖಾರ ಮಾಡುವುದೇ ನಿಲ್ಲಿಸಿದ್ದೇವೆ," ಎಂದರು ಅತ್ತಿಗೆ. "ಸುಣ್ಣ ಸುಟ್ಟದ್ದಂತೆ. ನೋಡ್ತೇನೆ ಅಂದರೆ ಬಾಯಿ ತೆರೆಯುವುದಿಲ್ಲ, ಕೋಪ ಮಾಡ್ತಾರೆ."

ಅಣ್ಣನ ಸ್ವಭಾವ ನನಗೆ ಗೊತ್ತು. ನೇರ ಹೇಳಿದರೆ ಎರಡು ತಿಂಗಳು ಇತ್ತ ತಲೆ ಹಾಕುವುದಿಲ್ಲ. ಆದ್ದರಿಂದ ಮೋಸ ಮಾಡಿದೆ, ಅದಕ್ಕೆ ನನಗೆ ಇಂದಿಗೂ ನಾಚಿಕೆ ಇಲ್ಲ. "ನೀನು ಹೇಳಿದ್ದೇ ಸರಿ ಅಣ್ಣ. ನನಗೂ ಹೆದರಿಕೆ ಆಗ್ತಾ ಉಂಟು. ನಾಳೆ ಡಾಕ್ಟರ ಹತ್ತಿರ ಹೋಗುವ, ನೀನು ಜೊತೆಗೆ ಬಾ," ಎಂದು ಫೋನಿನಲ್ಲಿ ಹೇಳಿದೆ. ಅವನ ಧ್ವನಿಯಲ್ಲಿ ಅಷ್ಟು ಖುಷಿ ನಾನು ಬಹಳ ಸಮಯದಿಂದ ಕೇಳಿರಲಿಲ್ಲ. ಮರುದಿನ ಮೊದಲ ಬಸ್ಸಿಗೇ ಬಂದ, ಇಸ್ತ್ರಿ ಹಾಕಿದ ಅಂಗಿ, ಕಿಸೆಯಲ್ಲಿ ಬರೆದುಕೊಂಡ ಚೀಟಿ.

ನಮ್ಮ ಡಾಕ್ಟರಿಗೆ ವಯಸ್ಸು ಕಡಿಮೆ, ತಾಳ್ಮೆ ಜಾಸ್ತಿ. ಅಣ್ಣ ಚೀಟಿ ತೆಗೆದು ಒಂದೊಂದಾಗಿ ಓದಿದ್ದನ್ನೆಲ್ಲ ಕೇಳಿದರು.

"ನೋಡಿ, ಪೂರ್ತಿ ಸುಳ್ಳಲ್ಲ," ಎಂದರು. "ಗೌಟ್ ಇದ್ದವರಲ್ಲಿ ಕೆಲವು ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಾಣಿಸ್ತದೆ ಅಂತ ಅಧ್ಯಯನ ಮಾಡಿದವರು ಹೇಳ್ತಾರೆ. ಆದರೆ ಗೌಟಿನಿಂದಲೇ ಬರ್ತದೆ ಅಂತ ಸಾಬೀತಾಗಲಿಲ್ಲ. ಮಳೆಗಾಲದಲ್ಲಿ ಕೊಡೆಯೂ ಜಾಸ್ತಿ, ಜ್ವರವೂ ಜಾಸ್ತಿ. ಕೊಡೆಯಿಂದ ಜ್ವರ ಬರ್ತದಾ? ಬೊಜ್ಜು, ಶುಗರ್, ಕುಡಿತ, ಇವು ಎರಡಕ್ಕೂ ದಾರಿ ಮಾಡ್ತವೆ. ಯೂರಿಕ್ ಆಸಿಡಿನದ್ದೇ ಏನಾದರೂ ಪಾಲು ಉಂಟಾ ಅಂತ ಇನ್ನೂ ಹುಡುಕ್ತಾ ಇದ್ದಾರೆ."

"ಹಾಗಾದರೆ ಸ್ಕ್ಯಾನ್?" ಎಂದ ಅಣ್ಣ.

"ಇಡೀ ಮೈಯ ಸ್ಕ್ಯಾನ್ ಬೇಡ. ಇವರ ವಯಸ್ಸಿನ ಹೆಂಗಸರಿಗೆ ಗೌಟ್ ಇರಲಿ ಬಿಡಲಿ ಕೆಲವು ಪರೀಕ್ಷೆ ಮಾಡಿಸಬೇಕು. ಅದನ್ನು ಬರೆದು ಕೊಡ್ತೇನೆ." ನನ್ನ ಕಡೆ ತಿರುಗಿದರು. "ಮಾತ್ರೆ ದಿನಾ ತಗೊಳ್ತೀರಲ್ಲ ಅಕ್ಕ?"

ಸುಳ್ಳು ಹೇಳಲಿಕ್ಕೆ ಬಾಯಿ ತೆರೆದೆ, ಆಗಲಿಲ್ಲ. ನಿಲ್ಲಿಸಿದ್ದನ್ನು ಒಪ್ಪಿಕೊಂಡೆ. ಡಾಕ್ಟರು ತಾಳ್ಮೆಯನ್ನೆಲ್ಲ ಬದಿಗಿಟ್ಟು ನನ್ನನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು. ನೋವು ಇಲ್ಲದಿದ್ದರೂ ತೆಗೆದುಕೊಳ್ಳಬೇಕಾದ ಮಾತ್ರೆ ಅದು, ಬಿಟ್ಟರೆ ಗಂಟೂ ಹೋಗುತ್ತದೆ, ಕಿಡ್ನಿಯೂ ಹೋಗುತ್ತದೆ ಎಂದರು. ಅಣ್ಣ ಗೆದ್ದವನ ಹಾಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಆಗ ನಾನು ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ನನ್ನದು ಆಯ್ತಲ್ಲ ಡಾಕ್ಟ್ರೇ. ಇನ್ನು ಇವನ ಬಾಯಿ ಒಮ್ಮೆ ನೋಡಿ."

"ನನಗೆ ಏನೂ ಇಲ್ಲ. ಸುಣ್ಣ..." ಎಂದು ಅಣ್ಣ ಎದ್ದ. ನನ್ನನ್ನು ದಾಟಿ ಹೋಗಬೇಕಿತ್ತು. ನನ್ನ ಕಾಲು ಆ ದಿನ ಕೂಡ ಉರಿಯುತ್ತಿತ್ತು, ಆದರೆ ಎಪ್ಪತ್ತೆರಡು ಕಿಲೋದ ಹೆಂಗಸು ಬಾಗಿಲಿಗೆ ಅಡ್ಡ ನಿಂತರೆ ತಳ್ಳುವುದು ಸುಲಭ ಅಲ್ಲ.

"ಕೂತ್ಕೋ," ಎಂದೆ. ಹುಟ್ಟಿದ ಮೇಲೆ ಅಣ್ಣನಿಗೆ ನಾನು ಆ ಸ್ವರದಲ್ಲಿ ಮಾತಾಡಿದವಳಲ್ಲ. "ಐದು ತಿಂಗಳಿಂದ ನನ್ನ ಮೂತ್ರದ ಬಣ್ಣ ಕೂಡ ಕೇಳಿದ್ದಿ. ನಾನು ನಿನ್ನ ಬಾಯಿ ನೋಡಿಸಿದರೆ ಎಂತ ತಪ್ಪು?"

ಅವನು ಕೂತ. ಡಾಕ್ಟರು ಟಾರ್ಚು ಹಿಡಿದರು. ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆದರು. ಕೈಗವಸು ಹಾಕಿ ಬಲಗೆನ್ನೆಯ ಒಳಗೆ ಮುಟ್ಟಿದರು, ಆಮೇಲೆ ಗಲ್ಲದ ಕೆಳಗೆ, ಕತ್ತಿನಲ್ಲಿ. ಕೊಡೆ, ಜ್ವರ ಎಂದು ನಗುತ್ತಾ ಹೇಳಿದವರ ಮುಖ ಅದಾಗಿರಲಿಲ್ಲ.

"ಎಷ್ಟು ಸಮಯ ಆಯ್ತು ಇದು?"

ಅಣ್ಣ ನನ್ನನ್ನು ನೋಡಲಿಲ್ಲ. "ನವರಾತ್ರಿಯ ಹೊತ್ತಿಗೆ ಸಣ್ಣದಿತ್ತು," ಎಂದ.

ನವರಾತ್ರಿ ಎಂದರೆ ದೀಪಾವಳಿಗಿಂತ ಮೊದಲು. ನನ್ನ ಹೆಬ್ಬೆರಳು ಊದುವುದಕ್ಕಿಂತ ಮೊದಲು.

ಮುಂದಿನದ್ದನ್ನು ಚುಟುಕಾಗಿ ಹೇಳುತ್ತೇನೆ. ಕ್ಯಾನ್ಸರಿನ ಸಂಶಯ ಎಂದು ಡಾಕ್ಟರು ಬರೆದು ಕೊಟ್ಟರು, ಅದೇ ವಾರ ಮಂಗಳೂರಿಗೆ ಹೋದೆವು. ತುಣುಕು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಎಂದೇ ಬಂತು. ಕೆನ್ನೆಯ ಒಳಗಿನಿಂದ ಕೊಯ್ದು ತೆಗೆದರು, ಕತ್ತಿನಿಂದಲೂ ತೆಗೆದರು, ತೊಡೆಯ ಚರ್ಮ ತಂದು ಹೊಲಿದರು, ರೇಡಿಯೇಶನ್ ಕೊಟ್ಟರು. ಅಣ್ಣ ಇದ್ದಾನೆ. ಮಾತು ಸ್ವಲ್ಪ ತೊದಲುತ್ತದೆ, ನನಗೆ ಅರ್ಥವಾಗುತ್ತದೆ. ನನ್ನ ಪರೀಕ್ಷೆಗಳೂ ಆದವು, ಏನೂ ಸಿಗಲಿಲ್ಲ. ಮಾತ್ರೆ ತಪ್ಪಿಸುವುದಿಲ್ಲ. ಸಾರನ್ನು ಈಗಲೂ ಅಂಗೈಯಲ್ಲಿ ನೆಕ್ಕಿಯೇ ಇಳಿಸುವುದು, ಡಾಕ್ಟರಿಗೂ ಅದು ಗೊತ್ತಿದೆ. ಸಂಬಂಧಿಕರು ಮಾತ್ರ ಹೊಸ ಪಾಠ ಕಲಿತಿದ್ದಾರೆ. "ತಂಗಿಗೆ ಗೌಟ್, ಅಣ್ಣನಿಗೆ ಕ್ಯಾನ್ಸರ್. ನೋಡಿ, ಸಂಬಂಧ ಉಂಟು ಅಂತ ಹೇಳಿದ್ದು ಸುಳ್ಳಾ?" ಎನ್ನುತ್ತಾರೆ, ಅದನ್ನು ಹೇಳುವಾಗ ಕೆನ್ನೆಯಲ್ಲಿ ಹೊಗೆಸೊಪ್ಪು. ನಾನು ಅವರನ್ನು ಹೋಟೆಲಿನ ಬಾಗಿಲಲ್ಲೇ ನಿಲ್ಲಿಸುತ್ತೇನೆ. ಉಗುಳಿ, ಬಾಯಿ ತೊಳೆದು, ತೆರೆದು ತೋರಿಸಿದ ಮೇಲೆ ಊಟ. ಗಿರಾಕಿ ಹೋದರೆ ಹೋಗಲಿ. ನನ್ನ ಗಂಡ ಪೇಪರಿನಿಂದ ತಲೆ ಎತ್ತಿ ನೋಡುತ್ತಾರೆ, ಮತ್ತೆ ಓದಲಿಕ್ಕೆ ಶುರು ಮಾಡುತ್ತಾರೆ.

ಅಷ್ಟೆಲ್ಲ ಆಗಿಯೂ ನನ್ನನ್ನು ಬಿಡದೆ ಕಾಡುವುದು ಆ ದಿನ ಡಾಕ್ಟರ ಕೋಣೆಯಿಂದ ಹೊರಟ ಮೇಲಿನ ಬಸ್ಸು. ಅತ್ತಿಗೆಗೆ ಫೋನಿನಲ್ಲಿ ಹೇಳುವ ಸಂಗತಿ ಅಲ್ಲ ಎಂದು ನಾನೂ ಅವನ ಜೊತೆಗೆ ಮೂಡುಬಿದಿರೆಯ ಬಸ್ಸು ಹತ್ತಿದೆ. ಡ್ರೈವರಿಗೆ ಅಣ್ಣನ ಗುರುತಿತ್ತು, ಮುಂದಿನ ಸೀಟು ಬಿಡಿಸಿಕೊಟ್ಟ. ಅಣ್ಣ ಅಲ್ಲಿ ಕೂರಲಿಲ್ಲ, ಹಿಂದೆ ನನ್ನ ಪಕ್ಕದಲ್ಲಿ ಕಿಟಕಿಗೆ ಕೂತ. ಮುಖವನ್ನು ಹೊರಗೆ ತಿರುಗಿಸಿದ. ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾನೆ ಎಂದುಕೊಂಡೆ.

"ಗೊತ್ತಿತ್ತಾ ನಿನಗೆ?" ಎಂದು ಕೇಳಿದೆ.

"ಸುಣ್ಣ ಅಲ್ಲ ಅಂತ ಗೊತ್ತಿತ್ತು."

"ಮತ್ತೆ ಯಾಕೆ ಹೋಗ್ಲಿಲ್ಲ?"

ಕಂಡಕ್ಟರ್ ಬಂದ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಅಣ್ಣ ಟಿಕೆಟನ್ನು ಮಡಿಸುತ್ತಾ ತುಳುವಿನಲ್ಲಿ, ಕೆಳಗಿನ ಸ್ವರದಲ್ಲಿ ಹೇಳಿದ. "ಒಬ್ಬನೇ ಹೋಗಲಿಕ್ಕೆ ಧೈರ್ಯ ಬರಲಿಲ್ಲ. ಹೆಂಡತಿಗೆ ಹೇಳಲಿಕ್ಕೂ ಆಗಲಿಲ್ಲ. ನಿನಗೆ ಗೌಟ್ ಬಂತಲ್ಲ, ನೀನು ಸ್ಕ್ಯಾನಿಗೆ ಅಂತ ಹೊರಟರೆ ನಾನೂ ಜೊತೆಗೆ ಬರುವುದು, ಬಂದಲ್ಲಿ ಹಾಗೇ ನನ್ನದನ್ನೂ ಒಮ್ಮೆ ತೋರಿಸುವುದು ಅಂತ ಇತ್ತು. ನೀನು ಒಪ್ಪಲೇ ಇಲ್ಲ."

ಐದು ತಿಂಗಳು. ನಾನು ಎದೆ ಸೆಟೆದು ಬೂತಾಯಿ ತಿಂದ, ಫೋನು ಕುಕ್ಕಿದ, ಊರಿಗೆಲ್ಲ ನನ್ನ ಹಟದ ಕತೆ ಹೇಳಿ ನಗಿಸಿದ ಐದು ತಿಂಗಳು. ಸ್ಕ್ಯಾನಿನ ವಿಷಯದಲ್ಲಿ ನಾನು ಹೇಳಿದ್ದೇ ಸರಿ ಇತ್ತು. ಸರಿಯಾಗಿದ್ದುಕೊಂಡೇ ನಾನು ಅವನನ್ನು ಐದು ತಿಂಗಳು ಡಾಕ್ಟರ ಬಾಗಿಲ ಹೊರಗೆ ನಿಲ್ಲಿಸಿದ್ದೆ.

ನನಗೆ ಅಳಲಿಕ್ಕೆ ಬರುವುದಿಲ್ಲ, ಬೈಯಲಿಕ್ಕೆ ಬರುತ್ತದೆ. ಶುರು ಮಾಡಿದೆ. ಕತ್ತೆ ಎಂದೆ, ಹೇಡಿ ಎಂದೆ, ಮೂವತ್ತು ವರ್ಷ ಜನರ ಜೀವ ಹೊತ್ತು ಓಡಾಡಿದವನಿಗೆ ತನ್ನ ಜೀವದ ಬೆಲೆ ಗೊತ್ತಿಲ್ಲವಾ ಎಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು, ನೋಡಲಿ. ಸಿದ್ಧಕಟ್ಟೆ ದಾಟುವ ತನಕ ಬೈದೆ, ಮೂಡುಬಿದಿರೆ ಬರುವ ತನಕ ಬೈದೆ. ಅಣ್ಣ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ನನ್ನನ್ನು ಬೈಯುವವರು ಆ ಬಸ್ಸಿನಲ್ಲಿ ಒಬ್ಬರೂ ಇರಲಿಲ್ಲ.